ತಿರುವಿನಲ್ಲಿ ಬೈಕ್ ಅಲುಗಾಡುತ್ತಿದೆಯಾ? ಗಾಳಿಯನ್ನು ಹದಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಗಾಳಿಯ ಬಲದಿಂದ ಬೈಕನ್ನು ನೆಲಕ್ಕೆ ಒತ್ತುತ್ತದೆ ಅಂತ ನಂಬಿ, ಡಬಲ್ ಟೇಪ್ ಹಚ್ಚಿ ಬೈಕ್ ಪಕ್ಕಕ್ಕೆ ಅಂಟಿಸುವ ಪ್ಲಾಸ್ಟಿಕ್ ರೆಕ್ಕೆ ಕೊಳ್ಳಬೇಕು ಅಂತಿದ್ದರೆ ಸ್ವಲ್ಪ ನಿಲ್ಲಿ. ಅದಕ್ಕಿಂತ ಎಷ್ಟೋ ಪಾಲು ಫಲ ಕೊಡುವ ಕೆಲಸಗಳಿವೆ, ಅದರಲ್ಲಿ ಅರ್ಧಕ್ಕೆ ದುಡ್ಡೇ ಬೇಡ. ಇದು ರೇಸ್ ಟ್ರ್ಯಾಕ್‌ನವರಿಗೆ ಬರೆದಿದ್ದಲ್ಲ. 150ರಿಂದ 450 ಸಿಸಿ ಬೈಕ್ ಇಟ್ಟುಕೊಂಡು, ರಜೆ ಸಿಕ್ಕಾಗ ಸಕಲೇಶಪುರದ ಕಡೆಗೋ, ಕರಾವಳಿ ಹೆದ್ದಾರಿಗೋ, ಹುಬ್ಬಳ್ಳಿ ರಸ್ತೆಗೋ ಹೊರಡುವವರಿಗೆ. ಉದ್ದನೆಯ ತಿರುವಿನಲ್ಲಿ ಮುಂದಿನ ಚಕ್ರ ಹಗುರಾದ ಹಾಗೆ ಅನಿಸುವುದು, ಹ್ಯಾಂಡಲ್ ಸಣ್ಣಗೆ ಅದುರುವುದು, ಲಾರಿ ದಾಟಿದ ಕೂಡಲೇ ಬೈಕ್ ತನ್ನ ಸಾಲು ಬಿಟ್ಟು ಪಕ್ಕಕ್ಕೆ ಸರಿಯುವುದು, ಇವೆಲ್ಲ ನಿಮಗೂ ಆಗಿದ್ದರೆ ಮುಂದೆ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾವು ರಸ್ತೆಯಲ್ಲಿ ಓಡಿಸುವ ವೇಗದಲ್ಲಿ ಗಾಳಿ ಬೈಕನ್ನು ಕೆಡಿಸುವುದು ಬಹುಪಾಲು ನಮ್ಮ ಕೈಗಳ ಮೂಲಕವೇ. ಗಾಳಿ ಎದೆಯನ್ನು ಹಿಂದಕ್ಕೆ ತಳ್ಳುತ್ತದೆ. ನಾವು ಹ್ಯಾಂಡಲ್ ಹಿಡಿದು ತಡೆದುಕೊಳ್ಳುತ್ತೇವೆ. ಆ ಎಳೆತ ಎಡಗೈಯಲ್ಲೂ ಬಲಗೈಯಲ್ಲೂ ಒಂದೇ ಸಮ ಇರುವುದಿಲ್ಲ, ಹಾಗಾಗಿ ನಮಗೇ ಗೊತ್ತಿಲ್ಲದೆ ಇಡೀ ತಿರುವಿನ ಉದ್ದಕ್ಕೂ ಬೈಕ್‌ಗೆ ಸಣ್ಣ ಸಣ್ಣ ಸ್ಟೀರಿಂಗ್ ಕೊಡುತ್ತಲೇ ಇರುತ್ತೇವೆ. ಆದ್ದರಿಂದ ಕೆಳಗಿನ ಎಲ್ಲ ಹೆಜ್ಜೆಗಳಿಗೂ ಗುರಿ ಎರಡೇ. ಗಾಳಿಯ ಭಾರ ಕೈಗೆ ಬರಬಾರದು, ಮುಂದಿನ ಚಕ್ರದ ಮೇಲಿನ ತೂಕ ಕಳೆದುಹೋಗಬಾರದು.

ಗಾಳಿಯ ತೂಕ ಎಷ್ಟು?

ಸ್ವಲ್ಪ ಲೆಕ್ಕ ನೋಡೋಣ, ಇದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಫೇರಿಂಗ್ (ಗಾಳಿ ಸೀಳುವ ಪ್ಲಾಸ್ಟಿಕ್ ಹೊದಿಕೆ) ಇಲ್ಲದ ಬೈಕ್ ಮೇಲೆ ನೆಟ್ಟಗೆ ಕೂತು 80 ಕಿ.ಮೀ. ವೇಗದಲ್ಲಿ ಹೋದರೆ ಎದುರುಗಾಳಿಯ ತಡೆ ಸುಮಾರು 15 ಕೆಜಿಯಷ್ಟು ಇರುತ್ತದೆ. 40ರಲ್ಲಿ ಅದು 4 ಕೆಜಿಗಿಂತ ಸ್ವಲ್ಪ ಕಮ್ಮಿ. 20ರಲ್ಲಿ ಒಂದು ಕೆಜಿಯೂ ಇಲ್ಲ. ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಅಷ್ಟೇ ಸೂತ್ರ.

ಇದರಿಂದ ಒಂದು ಮಾತು ಸ್ಪಷ್ಟ ಆಗುತ್ತದೆ. ಆಗುಂಬೆಯ ಹೇರ್‌ಪಿನ್‌ಗಳಲ್ಲಿ ಎರಡನೇ ಗೇರ್‌ನಲ್ಲಿ ಹತ್ತುವಾಗ ಏರೋಡೈನಾಮಿಕ್ಸ್‌ಗೆ ಏನೂ ಕೆಲಸ ಇಲ್ಲ. ಅಲ್ಲಿ ಬೈಕ್ ಅಲುಗಾಡಿದರೆ ಕಾರಣ ಟೈರ್, ಕ್ಲಚ್, ಥ್ರಾಟಲ್ ಅಥವಾ ನಿಮ್ಮ ಕಣ್ಣು ಎಲ್ಲಿ ನೋಡುತ್ತಿದೆ ಅನ್ನುವುದು. ಗಾಳಿಯ ಆಟ ಶುರುವಾಗುವುದು 60ರ ಮೇಲೆ, ಉದ್ದನೆಯ, ತೆರೆದ ತಿರುವುಗಳಲ್ಲಿ.

ಈಗ ಆ 15 ಕೆಜಿ ಎಲ್ಲಿ ತಳ್ಳುತ್ತದೆ ನೋಡಿ. ನೆಲದ ಹತ್ತಿರ ಅಲ್ಲ. ನಿಮ್ಮ ಎದೆ, ಹೆಲ್ಮೆಟ್, ಹೆಡ್‌ಲೈಟ್ ಎಲ್ಲ ಸೇರಿಸಿ ಸರಾಸರಿ ನೆಲದಿಂದ 80 ಸೆಂ.ಮೀ. ಎತ್ತರದಲ್ಲಿ ಅಂತ ಇಟ್ಟುಕೊಳ್ಳಿ. ಟೈರ್ ನೆಲದಲ್ಲಿ ಮುಂದಕ್ಕೆ ತಳ್ಳುತ್ತಿದೆ, ಗಾಳಿ ಮೇಲಿನಿಂದ ಹಿಂದಕ್ಕೆ ತಳ್ಳುತ್ತಿದೆ. ಎರಡೂ ಸೇರಿ ಬೈಕಿನ ಮೂಗನ್ನು ಎತ್ತಲು ನೋಡುತ್ತವೆ. ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ಅಂತರ, 1.4 ಮೀಟರ್ ಇದ್ದರೆ 80ರ ವೇಗದಲ್ಲಿ ಮುಂದಿನ ಚಕ್ರದಿಂದ ಎಂಟು ಒಂಬತ್ತು ಕೆಜಿ ಎದ್ದು ಹಿಂದಿನ ಚಕ್ರಕ್ಕೆ ಹೋಗುತ್ತದೆ. ಸವಾರನೂ ಸೇರಿ ಮುಂದಿನ ಚಕ್ರದ ಮೇಲೆ ಇರುವುದೇ ನೂರು ನೂರಹತ್ತು ಕೆಜಿ. ಅದರಲ್ಲಿ ಇಷ್ಟು ಹೋಯಿತು ಅಂದರೆ ಕೈಗೆ ತಿಳಿಯುವಷ್ಟು ವ್ಯತ್ಯಾಸ. ತಡೆ ಕಮ್ಮಿ ಮಾಡಿದರೆ, ಅಥವಾ ಅದು ತಳ್ಳುವ ಎತ್ತರ ಇಳಿಸಿದರೆ, ಯಾವ ರೆಕ್ಕೆಯೂ ಇಲ್ಲದೆ ಮುಂದಿನ ಚಕ್ರಕ್ಕೆ ತೂಕ ವಾಪಸ್ ಬರುತ್ತದೆ.

ಗಾಳಿಗೆ ಬಯ್ಯುವ ಮೊದಲು ಬೈಕ್ ನೋಡಿ

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವ ಹಾಗಿಲ್ಲ. ಟೈರ್ ಗಾಳಿ ಬೆಳಿಗ್ಗೆ, ಬೈಕ್ ಓಡಿಸುವ ಮೊದಲು, ತಣ್ಣಗಿದ್ದಾಗ ಚೆಕ್ ಮಾಡಿ. ಚೈನ್ ಕವರ್ ಮೇಲೆ ಅಥವಾ ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಯೇ ಇರಲಿ, ಬಂಕ್‌ನವರು ಅಂದಾಜಿಗೆ ಹಾಕಿದ್ದು ಬೇಡ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಫೋರ್ಕ್‌ನ ಕೆಳಭಾಗ ಹಿಡಿದು ಹಿಂದೆ ಮುಂದೆ ಆಡಿಸಿ. ಟಕ್ ಟಕ್ ಅಂದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲ. ಹ್ಯಾಂಡಲ್ ನಿಧಾನಕ್ಕೆ ತಿರುಗಿಸುವಾಗ ನಡುವಿನಲ್ಲಿ ಸಣ್ಣ ಹಳ್ಳಕ್ಕೆ ಬಿದ್ದ ಹಾಗೆ ನಿಂತರೆ ಕೋನ್‌ಸೆಟ್ ಸವೆದಿದೆ, ಬದಲಾಯಿಸಲೇಬೇಕು. ಹಿಂದಿನ ಚಕ್ರವನ್ನು ಪಕ್ಕಕ್ಕೆ ಆಡಿಸಿ ಅದನ್ನು ಹಿಡಿದಿರುವ ಸ್ವಿಂಗ್‌ಆರ್ಮ್‌ನ ಬುಷ್ ಸಡಿಲ ಇದೆಯಾ ನೋಡಿ. ಚೈನ್ ಅಡ್ಜಸ್ಟರ್‌ನ ಗುರುತು ಎರಡೂ ಬದಿ ಒಂದೇ ಗೆರೆಯಲ್ಲಿದೆಯಾ ನೋಡಿ.

ಇವುಗಳಲ್ಲಿ ಒಂದು ಕೆಟ್ಟಿದ್ದರೂ ಕೆಳಗಿನ ಯಾವ ಬದಲಾವಣೆಯೂ ನಿಮಗೆ ಸರಿಯಾದ ಉತ್ತರ ಕೊಡುವುದಿಲ್ಲ. ಹತ್ತು ಸಾವಿರ ಕೊಟ್ಟು ವಿಂಡ್‌ಶೀಲ್ಡ್ ಹಾಕಿಸಿ, ಆಮೇಲೆ ಕೋನ್‌ಸೆಟ್ ಸಡಿಲ ಇತ್ತು ಅಂತ ಗೊತ್ತಾಗುವುದು ಬೇಡ.

ಈಗ ಹೇಗಿದೆ ಅಂತ ಅಳೆಯಿರಿ

ಮೂರು ಪರೀಕ್ಷೆ ಸಾಕು. ಮೂರಕ್ಕೂ ನೇರವಾದ, ಖಾಲಿಯಾದ, ಸಮತಟ್ಟು ರಸ್ತೆ ಬೇಕು. ಬೆಳಿಗ್ಗೆ ಆರೂವರೆ ಏಳಕ್ಕೆ, ಗಾಳಿ ಏಳುವ ಮೊದಲು ಹೋಗಿ.

ಮೊದಲನೆಯದು ಬೆರಳಿನ ಪರೀಕ್ಷೆ. 70-80ರಲ್ಲಿ ನೇರ ಹೋಗುತ್ತಾ, ಹ್ಯಾಂಡಲ್ ಬಿಡದೆ, ಎರಡೂ ಕೈಗಳ ಬೆರಳುಗಳನ್ನು ಹಾರ್ಮೋನಿಯಂ ನುಡಿಸುವ ಹಾಗೆ ಒಂದೊಂದಾಗಿ ಎತ್ತಿ ಇಳಿಸಿ. ಆರಾಮಾಗಿ ಆಗುತ್ತಿದೆಯಾ? ಹಾಗಾದರೆ ನಿಮ್ಮ ಮೈಯನ್ನು ಹೊಟ್ಟೆ, ಬೆನ್ನು, ತೊಡೆ ಹೊತ್ತಿವೆ. ಬೆರಳು ಎತ್ತಿದ ಕೂಡಲೇ ಮೈ ಹಿಂದಕ್ಕೆ ಜಾರಿದ ಹಾಗಾದರೆ ನೀವು ಹ್ಯಾಂಡಲ್‌ಗೆ ಜೋತುಬಿದ್ದಿದ್ದೀರಿ ಅಂತ ಅರ್ಥ. ನೇರ ರಸ್ತೆಯಲ್ಲೇ ಹೀಗಾದರೆ ತಿರುವಿನಲ್ಲಿ ಕೇಳುವುದೇ ಬೇಡ.

ಎರಡನೆಯದು ಉರುಳುವ ಪರೀಕ್ಷೆ. 80ಕ್ಕೆ ಹೋಗಿ, ಕ್ಲಚ್ ಹಿಡಿದು, ಬ್ರೇಕ್ ಮುಟ್ಟದೆ ಬಿಡಿ. 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಮನಸ್ಸಿನಲ್ಲೇ ಎಣಿಸಿ, ಅಥವಾ ಹೆಲ್ಮೆಟ್ ಕ್ಯಾಮೆರಾ ಇದ್ದರೆ ಮೀಟರ್ ಕಾಣುವ ಹಾಗೆ ಇಟ್ಟು ಮನೆಗೆ ಬಂದು ನೋಡಿ. ರಸ್ತೆಯ ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಿರಿ, ಇಲ್ಲದಿದ್ದರೆ ಸಣ್ಣ ಇಳಿಜಾರು, ಸಣ್ಣ ಗಾಳಿ ಲೆಕ್ಕ ಕೆಡಿಸುತ್ತದೆ. ಸಮಯ ಜಾಸ್ತಿ ಆದಷ್ಟೂ ತಡೆ ಕಮ್ಮಿ. ಏನೇ ಬದಲಾವಣೆ ಮಾಡಿದರೂ ಇದೇ ರಸ್ತೆಯಲ್ಲಿ, ಇದೇ ಹೊತ್ತಿನಲ್ಲಿ, ಇದೇ ಜಾಕೆಟ್ ಹಾಕಿಕೊಂಡು ಮತ್ತೆ ಮಾಡಿ.

ಮೂರನೆಯದು ನನಗೆ ತುಂಬಾ ಇಷ್ಟ. ಉಲ್ಲನ್ ದಾರ ತೆಗೆದುಕೊಳ್ಳಿ, ಬೈಕ್ ಬಣ್ಣಕ್ಕೆ ಎದ್ದು ಕಾಣುವಂಥದ್ದು. ಎಂಟು ಹತ್ತು ಸೆಂ.ಮೀ. ತುಂಡು ಮಾಡಿ, ಒಂದು ತುದಿಯನ್ನು ಮಾತ್ರ ಪೇಂಟರ್‌ಗಳು ಬಳಸುವ ಕಾಗದದ ಟೇಪ್‌ನಿಂದ ಅಂಟಿಸಿ. ವಿಂಡ್‌ಶೀಲ್ಡ್‌ನ ಮೇಲಂಚಿನಲ್ಲಿ, ಟ್ಯಾಂಕ್ ಪಕ್ಕದಲ್ಲಿ, ಜಾಕೆಟ್ ತೋಳಿನ ಮೇಲೆ, ಟಾಪ್‌ಬಾಕ್ಸ್‌ನ (ಸೀಟಿನ ಹಿಂದೆ ಕೂರಿಸುವ ಪೆಟ್ಟಿಗೆ) ಹಿಂದೆ, ಪಕ್ಕದಲ್ಲಿ. ಚಕ್ರ, ಚೈನ್ ಹತ್ತಿರ ಬೇಡ. ಗೆಳೆಯರು ಕಾರಿನಲ್ಲಿ ಪಕ್ಕಕ್ಕೆ ಬರಲಿ, ಕಾರು ಓಡಿಸದವರು ವಿಡಿಯೋ ಮಾಡಲಿ. ಬೈಕ್ ಓಡಿಸುತ್ತಾ ಮೊಬೈಲ್ ಹಿಡಿಯುವುದು ಬೇಡವೇ ಬೇಡ. ಆಮೇಲೆ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿ. ದಾರ ಮೈಗೆ ಅಂಟಿ ಹಿಂದಕ್ಕೆ ನೇರವಾಗಿ ಮಲಗಿದ್ದರೆ ಅಲ್ಲಿ ಗಾಳಿ ಸಲೀಸಾಗಿ ಹರಿಯುತ್ತಿದೆ. ದಾರ ಎದ್ದು ಗಿರಗಿರ ತಿರುಗುತ್ತಿದ್ದರೆ ಅಲ್ಲಿ ಸುಳಿ ಇದೆ. ದಾರ ಮುಂದಕ್ಕೆ ಮಡಚಿಕೊಂಡಿದ್ದರೆ ಗಾಳಿ ಅಲ್ಲಿ ಉಲ್ಟಾ ಓಡುತ್ತಿದೆ. ಟಾಪ್‌ಬಾಕ್ಸ್‌ನ ಹಿಂಬದಿಯ ದಾರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಡಿದಾಡುವುದನ್ನು ಕಣ್ಣಾರೆ ನೋಡಿದರೆ, ತಿರುವಿನಲ್ಲಿ ಬೈಕಿನ ಬಾಲ ಯಾಕೆ ಆಡುತ್ತದೆ ಅನ್ನುವುದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.

ಮೊದಲ ತಿದ್ದುಪಡಿ ನಿಮ್ಮ ಮೈಗೆ

ಬೈಕ್ ಮೇಲಿನ ಅತಿ ದೊಡ್ಡ ಏರೋಡೈನಾಮಿಕ್ ಭಾಗ ಸವಾರನೇ. ಟ್ಯಾಂಕ್‌ಗೆ ಮಲಗಿಬಿಡಿ ಅಂತ ಹೇಳುತ್ತಿಲ್ಲ, ರಸ್ತೆಯಲ್ಲಿ ಹಾಗೆ ಓಡಿಸಿದರೆ ಎದುರಿನದು ಸರಿಯಾಗಿ ಕಾಣುವುದಿಲ್ಲ. ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ, ಬೆನ್ನು ಸಡಿಲ ಬಿಡಿ. ಮೊಣಕೈ ಮಡಚಿ ಕೆಳಕ್ಕೆ ಇಳಿಸಿ, ಒಳಕ್ಕೆ ತನ್ನಿ. ಮೊಣಕಾಲು ಟ್ಯಾಂಕ್‌ಗೆ ತಾಗಿರಲಿ. ಮುಂಗಾಲಿನ ಮೇಲೆ ಸ್ವಲ್ಪ ಭಾರ ಇರಲಿ. ಇಷ್ಟು ಮಾಡಿದರೆ ಎದುರುಗಾಳಿ ಎದೆಯ ಮೇಲೆ ಕುಟ್ಟುವ ಬದಲು ಭುಜದ ಮೇಲೆ ಜಾರಿ ಹೋಗುತ್ತದೆ. ತೊಡೆ ಟ್ಯಾಂಕ್ ಹಿಡಿದಿರುವುದರಿಂದ ಕೈಗೆ ಹಿಡಿಯುವ ಕೆಲಸ ಇರುವುದಿಲ್ಲ.

ಇದನ್ನು ತಿರುವಿಗೆ ಬರುವ ಮೊದಲೇ ಮಾಡಿ ಮುಗಿಸಿರಬೇಕು. ಇಲ್ಲೇ ಬಹಳ ಜನ ಎಡವುವುದು. ಕ್ರಮ ಹೀಗಿರಲಿ. ತಿರುವಿಗೆ ಮುಂಚೆ ಬ್ರೇಕ್ ಹಿಡಿಯುವಾಗ ಎದೆ ಎತ್ತಿ, ಗಾಳಿಯೂ ನಿಮ್ಮ ಜೊತೆ ಬ್ರೇಕ್ ಹಾಕುತ್ತದೆ. ರೇಸರ್‌ಗಳು ನೇರ ರಸ್ತೆಯ ಕೊನೆಯಲ್ಲಿ ತಟ್ಟನೆ ಎದ್ದು ಕೂರುವುದು ಇದಕ್ಕೇ. ಬ್ರೇಕ್ ಬಿಡುತ್ತಾ ಬಿಡುತ್ತಾ ಮೈ ಇಳಿಸಿ, ಒಳಬದಿಯ ಕನ್ನಡಿಯ ಕಡೆಗೆ ಗಲ್ಲ ಸ್ವಲ್ಪ ಸರಿಸಿ. ಆಮೇಲೆ ಬೈಕ್ ವಾಲಿಸಿ. ಒಮ್ಮೆ ವಾಲಿದ ಮೇಲೆ ಮೈ ಹಾಗೇ ಇರಲಿ, ಥ್ರಾಟಲ್ ಸಣ್ಣಗೆ, ಒಂದೇ ಸಮ ತೆರೆದಿರಲಿ.

ತಿರುವಿನ ನಡುವೆ ಹೆದರಿಕೆಯಾಗಿ ಎದ್ದು ನೆಟ್ಟಗೆ ಕೂತರೆ ಏನಾಗುತ್ತದೆ? ಗಾಳಿಯ ತಡೆ ಒಮ್ಮೆಲೇ ಏರುತ್ತದೆ, ಅದು ತಳ್ಳುವ ಎತ್ತರವೂ ಏರುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಜೊತೆಗೆ ಎದ್ದೇಳುವಾಗ ನೀವು ಹ್ಯಾಂಡಲ್ ಎಳೆದೇ ಎಳೆಯುತ್ತೀರಿ. ನಾಲ್ಕೂ ಒಂದೇ ಕ್ಷಣದಲ್ಲಿ. ಬೈಕ್ ಹೊರಕ್ಕೆ ಓಡುತ್ತದೆ. ಬೈಕ್ ಕೈಕೊಟ್ಟಿತು ಅಂತ ಅನಿಸುತ್ತದೆ, ಆದರೆ ಅದು ನೀವು ಹೇಳಿದ್ದನ್ನೇ ಮಾಡಿರುತ್ತದೆ.

ಇನ್ನು ಟಿವಿಯಲ್ಲಿ ನೋಡಿ ಮೊಣಕಾಲು ಹೊರಗೆ ಚಾಚುವವರಿದ್ದಾರೆ. ರಸ್ತೆಯಲ್ಲಿ ಅದರಿಂದ ಲಾಭ ಇಲ್ಲ. ಒಂದು ಬದಿಯಲ್ಲಿ ಮಾತ್ರ ಗಾಳಿ ಹಿಡಿಯುತ್ತದೆ, ಟ್ಯಾಂಕ್ ಹಿಡಿತವೂ ತಪ್ಪುತ್ತದೆ.

ಹಿಂದೆ ಕೂತವರಿಗೂ ಪಾಠ ಬೇಕು. ಅವರು ನಿಮ್ಮಿಂದ ದೂರ, ನೆಟ್ಟಗೆ ಕೂತರೆ ನಡುವಿನ ಸಂದಿಯಲ್ಲಿ ಗಾಳಿ ಸುತ್ತುತ್ತದೆ. ಹತ್ತಿರ ಕೂರಲಿ, ನಿಮ್ಮ ಸೊಂಟ ಹಿಡಿಯಲಿ. ತಿರುವು ಯಾವ ಕಡೆಗೋ ಆ ಕಡೆಯ ನಿಮ್ಮ ಭುಜದ ಮೇಲಿಂದ ನೋಡಲಿ, ಅಷ್ಟೇ. ಬೇರೆ ಏನೂ ಮಾಡಬಾರದು.

ಬಟ್ಟೆ, ಹೆಲ್ಮೆಟ್, ಬ್ಯಾಗ್

ಪಟಪಟ ಅನ್ನುವ ಯಾವುದೂ ಮೈಮೇಲೆ ಇರಬಾರದು. ಸಡಿಲ ಜಾಕೆಟ್‌ನ ತೋಳಿನ ಪಟ್ಟಿ ಎಳೆದು ಬಿಗಿ ಮಾಡಿ, ಅದು ಇರುವುದೇ ಅದಕ್ಕೆ. ಮಳೆಗಾಲದಲ್ಲಿ ಪೋಂಚೋ ತರಹದ ರೇನ್‌ಕೋಟ್ ಹಾಕಿಕೊಂಡು ಹೆದ್ದಾರಿಗೆ ಇಳಿಯಬೇಡಿ. ಪಕ್ಕದಿಂದ ಗಾಳಿ ಹೊಕ್ಕರೆ ಅದು ಉಬ್ಬಿ ನಿಮ್ಮನ್ನೇ ಎಳೆಯುತ್ತದೆ, ಚಕ್ರಕ್ಕೆ ಸಿಕ್ಕಿದರೆ ಇನ್ನೂ ಅಪಾಯ. ಪ್ಯಾಂಟ್, ಶರ್ಟ್ ಬೇರೆಬೇರೆ ಇರುವ ರೇನ್‌ಸೂಟ್ ತೊಡಿ.

ಅಡ್ವೆಂಚರ್ ಹೆಲ್ಮೆಟ್‌ನ ಮುಂದಿನ ಚುಂಚು ನೇರ ನೋಡುವಾಗ ಸುಮ್ನೆ ಇರುತ್ತದೆ, ತಿರುವಿನ ಕಡೆ ತಲೆ ತಿರುಗಿಸಿದ ಕೂಡಲೇ ಗಾಳಿ ಹಿಡಿದು ಕತ್ತನ್ನು ತಿರುಚುತ್ತದೆ. ಕತ್ತು ಬಿಗಿಯಾದರೆ ಭುಜ ಬಿಗಿ, ಭುಜ ಬಿಗಿಯಾದರೆ ಕೈ ಬಿಗಿ. ಬರೀ ಟಾರ್ ರಸ್ತೆಯ ಪ್ರಯಾಣ ಆದರೆ ಚುಂಚು ಬಿಚ್ಚಿಡಿ, ಎಷ್ಟೋ ಹೆಲ್ಮೆಟ್‌ಗಳಲ್ಲಿ ಎರಡು ಮೂರು ಸ್ಕ್ರೂ ಅಷ್ಟೇ. ಬೆನ್ನಿನ ಬ್ಯಾಗ್ ಹಾಕುವುದಾದರೆ ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡೂ ಹಾಕಿ, ನೇತಾಡುವ ತುದಿಗಳನ್ನು ಸುತ್ತಿ ಸಿಕ್ಕಿಸಿ.

ಲಗೇಜ್: ಇಲ್ಲೇ ಇರುವುದು ಅಸಲಿ ಕಾಯಿಲೆ

ನನಗೆ ಒಂದೇ ಒಂದು ಬದಲಾವಣೆ ಮಾಡಿಸುವ ಅಧಿಕಾರ ಇದ್ದರೆ ಎಲ್ಲರ ಟಾಪ್‌ಬಾಕ್ಸ್ ಖಾಲಿ ಮಾಡಿಸುತ್ತಿದ್ದೆ. ಟಾಪ್‌ಬಾಕ್ಸ್ ಅನುಕೂಲ, ಬೀಗ ಹಾಕಬಹುದು, ಹೆಲ್ಮೆಟ್ ಇಡಬಹುದು, ಒಪ್ಪುತ್ತೇನೆ. ಆದರೆ ಅದು ಕೂರುವುದು ಬೈಕ್‌ನಲ್ಲಿ ತೂಕ ಇಡಲು ಅತಿ ಕೆಟ್ಟ ಜಾಗದಲ್ಲಿ. ಎತ್ತರದಲ್ಲಿ, ಹಿಂದಿನ ಆಕ್ಸಲ್‌ಗೂ ಹಿಂದೆ, ಸವಾರ ಎಬ್ಬಿಸಿದ ಸುಳಿಗಾಳಿಯ ಮಧ್ಯದಲ್ಲಿ.

ಲೆಕ್ಕ ನೋಡಿ. ಆಕ್ಸಲ್‌ಗಿಂತ 25 ಸೆಂ.ಮೀ. ಹಿಂದೆ 10 ಕೆಜಿ ಇಟ್ಟರೆ ಹಿಂದಿನ ಚಕ್ರಕ್ಕೆ ಹೆಚ್ಚುಕಮ್ಮಿ 12 ಕೆಜಿ ಬೀಳುತ್ತದೆ, ಮುಂದಿನ ಚಕ್ರದಿಂದ ಸುಮಾರು 2 ಕೆಜಿ ಏಳುತ್ತದೆ. ನಿಂತಾಗಲೇ ಇಷ್ಟು. ಅದರ ಮೇಲೆ ಗಾಳಿ ಎತ್ತುವ ಎಂಟು ಒಂಬತ್ತು ಕೆಜಿ. ಜೊತೆಗೆ ಹಿಂದಿನ ಶಾಕ್ಸ್ ಕುಸಿದು ಬೈಕಿನ ಮೂಗು ಮೇಲೇಳುತ್ತದೆ, ವಿಂಡ್‌ಶೀಲ್ಡ್‌ನ ಓರೆಯೂ ಬದಲಾಗುತ್ತದೆ. ಇದೆಲ್ಲಕ್ಕಿಂತ ಮುಖ್ಯ, ಬೈಕಿನ ನಡುವಿನಿಂದ ಅಷ್ಟು ದೂರ ಇರುವ ತೂಕ ಒಮ್ಮೆ ಪಕ್ಕಕ್ಕೆ ಆಡಲು ಶುರುವಾದರೆ ಬೇಗ ನಿಲ್ಲುವುದಿಲ್ಲ. ಸುಳಿಗಾಳಿ ಎಡಬಲ ಬಡಿಯುತ್ತಿರುತ್ತದೆ, ತೂಕ ಅದಕ್ಕೆ ತಾಳ ಹಾಕುತ್ತದೆ. ವೇಗದ ತಿರುವಿನಲ್ಲಿ ಹಿಂಬದಿ ನಿಧಾನಕ್ಕೆ ತೂಗಾಡುವ ಕಾಯಿಲೆಗೆ ಕಾರಣ ಬಹಳ ಸಲ ಇದೇ.

ಹಾಗಾದರೆ ಹೇಗೆ ಕಟ್ಟಬೇಕು? ಭಾರದ್ದೆಲ್ಲ, ಅಂದರೆ ಟೂಲ್ಸ್, ನೀರು, ಪಂಕ್ಚರ್ ಕಿಟ್, ಚಾರ್ಜರ್, ಟ್ಯಾಂಕ್ ಬ್ಯಾಗ್‌ಗೆ ಹೋಗಲಿ. ಟ್ಯಾಂಕ್ ಬ್ಯಾಗ್ ನಿಮ್ಮ ಎದೆಯ ನೆರಳಲ್ಲೇ ಇರುವುದರಿಂದ ಗಾಳಿಗೆ ಹೊಸ ತಡೆ ಹೆಚ್ಚೇನೂ ಆಗುವುದಿಲ್ಲ, ಮುಂದಿನ ಚಕ್ರಕ್ಕೂ ತೂಕ ಸಿಗುತ್ತದೆ. ಆದರೆ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಾಗಬಾರದು. ಬಟ್ಟೆಬರೆ ಸೀಟಿನ ಎರಡೂ ಪಕ್ಕ ನೇತುಹಾಕುವ ಸ್ಯಾಡಲ್ ಬ್ಯಾಗ್‌ಗೆ ಹೋಗಲಿ. ಸ್ಯಾಡಲ್ ಬ್ಯಾಗ್ ಆದಷ್ಟು ಕೆಳಗೆ, ಆದಷ್ಟು ಮುಂದೆ, ನಿಮ್ಮ ಕಾಲಿನ ಹಿಂದೆ ಅಡಗುವ ಹಾಗೆ ಕಟ್ಟಿ. ಎರಡೂ ಬದಿ ಕೈಯಲ್ಲಿ ಎತ್ತಿ ನೋಡಿ, ತೂಕ ಸಮ ಇರಬೇಕು. ಸೈಲೆನ್ಸರ್ ಬದಿಯ ಬ್ಯಾಗ್ ಸುಡಬಾರದು ಅಂತ ಎತ್ತಿ ಕಟ್ಟುತ್ತಾರೆ. ಆಗ ಎರಡೂ ಬದಿ ಒಂದೇ ಎತ್ತರಕ್ಕೆ ತನ್ನಿ, ಇಲ್ಲದಿದ್ದರೆ ಬೈಕ್ ಒಂದು ಕಡೆಗೆ ಎಳೆಯುತ್ತದೆ. ಟಾಪ್‌ಬಾಕ್ಸ್ ಇಟ್ಟುಕೊಳ್ಳಲೇಬೇಕಾದರೆ ರೇನ್‌ಸೂಟ್, ಸ್ವೆಟರ್‌ನಂಥ ಹಗುರದ್ದು ಮಾತ್ರ. ಕ್ಯಾರಿಯರ್ ಮೇಲೆ ಬರೆದಿರುವ ಮಿತಿ ದಾಟಬೇಡಿ. ಪ್ಲೇಟ್‌ನ ಬೋಲ್ಟ್ ಸಡಿಲ ಇದ್ದು ಬಾಕ್ಸ್ ಕೈಯಲ್ಲಿ ಅಲುಗಾಡಿದರೂ ಸಾಕು, 80ರಲ್ಲಿ ಅದು ಇಡೀ ಬೈಕನ್ನು ಅಲುಗಾಡಿಸುತ್ತದೆ.

ಲಗೇಜ್ ಕಟ್ಟಿದ ಮೇಲೆ ಹಿಂದಿನ ಶಾಕ್ಸ್‌ನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಬಿಗಿ, ಏರಿಸಿ. ಬೈಕ್ ಜೊತೆ ಬರುವ ಸಿ ಆಕಾರದ ಸ್ಪ್ಯಾನರ್ ಇದಕ್ಕೇ. ರಾತ್ರಿ ನಿಮ್ಮ ಹೆಡ್‌ಲೈಟ್ ಮರದ ತುದಿ ನೋಡುತ್ತಿದ್ದರೆ ಹಿಂಬದಿ ಇನ್ನೂ ಕುಸಿದಿದೆ.

ವಿಂಡ್‌ಶೀಲ್ಡ್

ವಿಂಡ್‌ಶೀಲ್ಡ್ ಒಳ್ಳೆಯದು ಮಾಡಬಹುದು, ಕೆಟ್ಟದ್ದೂ ಮಾಡಬಹುದು. ಎಲ್ಲಕ್ಕಿಂತ ಮೊದಲು ಅದು ಎಲ್ಲಿ ಕೂತಿದೆ ನೋಡಿ. ಹ್ಯಾಂಡಲ್‌ಗೆ ಕ್ಲಾಂಪ್ ಹಾಕಿ ನಿಲ್ಲಿಸುವ ದೊಡ್ಡ ವಿಂಡ್‌ಶೀಲ್ಡ್ ಎದುರುಗಾಳಿ ತಡೆಯುತ್ತದೆ, ನಿಜ. ಆದರೆ ಪಕ್ಕದಿಂದ ಬೀಸಿದ ಗಾಳಿ, ಬಸ್ ದಾಟಿದಾಗ ಬರುವ ಹೊಡೆತ, ಎಲ್ಲವೂ ನೇರ ಸ್ಟೀರಿಂಗ್‌ಗೇ ತಲುಪುತ್ತದೆ. ನಾವು ಕೈಯಿಂದ ಇಳಿಸಬೇಕು ಅಂದುಕೊಂಡ ಭಾರವನ್ನು ಅದು ಹ್ಯಾಂಡಲ್‌ಗೇ ತಂದು ಕಟ್ಟುತ್ತದೆ. ಫ್ರೇಮ್‌ಗೆ ಅಥವಾ ಫೇರಿಂಗ್‌ಗೆ ಕೂತ ವಿಂಡ್‌ಶೀಲ್ಡ್ ಅದೇ ಹೊಡೆತವನ್ನು ಇಡೀ ಬೈಕಿನ ಮೈಗೆ ಹಂಚುತ್ತದೆ, ಹ್ಯಾಂಡಲ್ ಸ್ವತಂತ್ರವಾಗಿರುತ್ತದೆ. ನಿಮ್ಮ ಬೈಕ್‌ಗೆ ಹ್ಯಾಂಡಲ್ ಮೌಂಟ್ ಮಾತ್ರ ಸಿಗುವುದಾದರೆ ಚಿಕ್ಕದನ್ನು ಆರಿಸಿ.

ಎತ್ತರದ ವಿಷಯ. ಗಾಳಿ ವಿಂಡ್‌ಶೀಲ್ಡ್‌ನ ಮೇಲಂಚಿನಿಂದ ಜಿಗಿದು ಹಿಂದೆ ಸುಳಿಯಾಗುತ್ತದೆ. ಆ ಸುಳಿ ಹೆಲ್ಮೆಟ್‌ಗೆ ಬಡಿದರೆ ತಲೆ ಅದುರುತ್ತದೆ, ಕಣ್ಣು ಮಸುಕಾಗುತ್ತದೆ, ತಿರುವಿನ ಕೊನೆ ನೋಡಲು ಆಗುವುದಿಲ್ಲ. ಎರಡು ದಾರಿ ಇವೆ. ಒಂದು, ಶೀಲ್ಡ್ ಗಿಡ್ಡ ಇದ್ದು, ಸುಳಿ ಎದೆಯ ಮೇಲ್ಭಾಗಕ್ಕೆ ಬರಲಿ, ಹೆಲ್ಮೆಟ್‌ಗೆ ಶುದ್ಧ ಗಾಳಿ ಸಿಗಲಿ. ಎರಡು, ಶೀಲ್ಡ್‌ನ ತುದಿ ನಿಮ್ಮ ಮೂಗಿನ ಮಟ್ಟಕ್ಕೆ ಬರುವಷ್ಟು ಎತ್ತರ ಇದ್ದು, ಸುಳಿ ಹೆಲ್ಮೆಟ್ ಮೇಲಿಂದ ಹೋಗಲಿ. ನಡುವಿನ ಎತ್ತರ, ಅಂದರೆ ಅಂಚಿನ ಗಾಳಿ ಸೀದಾ ಗಲ್ಲಕ್ಕೆ ಬಡಿಯುವುದು, ಎಲ್ಲಕ್ಕಿಂತ ಕೆಟ್ಟದ್ದು. ನಾನಂತೂ ಗಿಡ್ಡದ್ದರ ಕಡೆಯವನು. ಎತ್ತರದ ಶೀಲ್ಡ್ ಅಡ್ಡಗಾಳಿಗೆ ಜಾಸ್ತಿ ಮೈ ಒಡ್ಡುತ್ತದೆ, ಮಳೆಯಲ್ಲಿ ಅದರ ಮೂಲಕವೇ ನೋಡಬೇಕಾಗುತ್ತದೆ.

ಈಗಿರುವ ಶೀಲ್ಡ್‌ನಲ್ಲೇ ತಲೆ ಅದುರುತ್ತಿದ್ದರೆ ಹೊಸದು ಕೊಳ್ಳುವ ಮೊದಲು ಒಂದು ಕೆಲಸ ಮಾಡಿ ನೋಡಿ. ಶೀಲ್ಡ್‌ನ ಸ್ಕ್ರೂಗಳಿಗೆ ರಬ್ಬರ್ ಅಥವಾ ನೈಲಾನ್ ಸ್ಪೇಸರ್ ಹಾಕಿ, ಕೆಳಗಿನ ಅಂಚಿನಲ್ಲಿ ಎರಡು ಬೆರಳಷ್ಟು ಸಂದು ಬಿಡಿ. ಸ್ಪೇಸರ್‌ನ ದಪ್ಪದಷ್ಟು ಹೆಚ್ಚು ಉದ್ದದ ಸ್ಕ್ರೂ ಹಾಕಬೇಕು, ನಾಲ್ಕೈದು ಸುತ್ತಾದರೂ ಹಿಡಿದಿರಬೇಕು. ಶೀಲ್ಡ್‌ನ ಹಿಂದೆ ಗಾಳಿಯ ಒತ್ತಡ ಕಮ್ಮಿ ಇರುತ್ತದೆ, ಅದಕ್ಕೇ ಮೇಲಿನ ಗಾಳಿ ಒಳಕ್ಕೆ ಉರುಳಿ ಬೀಳುವುದು. ಕೆಳಗಿನ ಸಂದಿಯಿಂದ ಸ್ವಲ್ಪ ಗಾಳಿ ನುಗ್ಗಿದರೆ ಆ ಟೊಳ್ಳು ತುಂಬುತ್ತದೆ, ಸುಳಿ ಸಣ್ಣದಾಗುತ್ತದೆ. ಉಲ್ಲನ್ ದಾರ ಮತ್ತೆ ಅಂಟಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಮಡ್‌ಗಾರ್ಡ್, ಹ್ಯಾಂಡ್‌ಗಾರ್ಡ್

ಆಫ್‌ರೋಡ್ ಬೈಕ್‌ಗಳ ಎತ್ತರದ ಮುಂದಿನ ಮಡ್‌ಗಾರ್ಡ್ ಕೆಸರಿಗೆ ಒಳ್ಳೆಯದು, ಹೆದ್ದಾರಿಗೆ ಅಲ್ಲ. ಅಗಲವಾದ ಆ ತಟ್ಟೆ ಗಾಳಿ ಹಿಡಿದು ಮುಂಭಾಗವನ್ನು ಮೇಲೆತ್ತುತ್ತದೆ, ಪಕ್ಕದ ಗಾಳಿಗೆ ಸ್ಟೀರಿಂಗ್ ಅಲುಗಾಡಿಸುತ್ತದೆ. ನಿಮ್ಮ ಓಡಾಟ ಟಾರ್ ರಸ್ತೆಯಲ್ಲೇ ಜಾಸ್ತಿ ಆದರೆ ಚಕ್ರಕ್ಕೆ ಹತ್ತಿರ ಕೂರುವ ಮಡ್‌ಗಾರ್ಡ್ ಹಾಕಿಸಿ. ಹ್ಯಾಂಡ್‌ಗಾರ್ಡ್ ಚಳಿಗೆ, ಮಳೆಗೆ ಬೇಕು, ಆದರೆ ಮೇಲೆ ಸಿಕ್ಕಿಸುವ ದೊಡ್ಡ ಪ್ಲಾಸ್ಟಿಕ್ ತುಂಡು ಬೇಸಿಗೆಯಲ್ಲಿ ತೆಗೆದಿಡಿ. ಅದೂ ಹ್ಯಾಂಡಲ್‌ಗೇ ಕೂತಿರುವುದು ಅಲ್ವಾ. ಮೊಬೈಲ್ ಹೋಲ್ಡರ್, ಎಕ್ಸ್‌ಟ್ರಾ ಲೈಟ್ ಎಲ್ಲ ಹ್ಯಾಂಡಲ್ ಬದಲು ಫ್ರೇಮ್ ಅಥವಾ ಕ್ರ್ಯಾಶ್‌ಗಾರ್ಡ್‌ಗೆ ಹೋದಷ್ಟೂ ಒಳ್ಳೆಯದು.

ರೆಕ್ಕೆಗಳ ಬಗ್ಗೆ ನಿಜ

ಡುಕಾಟಿಯ 2020ರ ಸೂಪರ್‌ಬೈಕ್ ಪನಿಗಾಲೆ ವಿ4ರ ರೆಕ್ಕೆಗಳು 270 ಕಿ.ಮೀ. ವೇಗದಲ್ಲಿ ಬೈಕನ್ನು ಕೆಳಕ್ಕೆ 30 ಕೆಜಿ ಒತ್ತುತ್ತವೆ ಅಂತ ಕಂಪನಿಯೇ ಹೇಳಿದೆ. ಬಿಎಂಡಬ್ಲ್ಯೂ 2021ರ ಎಂ 1000 ಆರ್‌ಆರ್‌ಗೆ ಕೊಟ್ಟ ಅಂಕಿ 300ರಲ್ಲಿ 16.3 ಕೆಜಿ. ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು ಅನ್ನುವ ಮೇಲಿನ ಸೂತ್ರವನ್ನೇ ಹಾಕಿದರೆ ಡುಕಾಟಿಯ ಅದೇ ರೆಕ್ಕೆ 80ರಲ್ಲಿ ಎರಡೂವರೆ ಕೆಜಿ ಚಿಲ್ಲರೆ ಮಾತ್ರ ಒತ್ತುತ್ತದೆ. ಹೊಸೂರಿನ ಟಿವಿಎಸ್ 2024ರಲ್ಲಿ ಅಪಾಚೆ ಆರ್‌ಆರ್ 310ಕ್ಕೆ ಕೊಟ್ಟ ರೆಕ್ಕೆಗಳಿಗೂ ಹೇಳುವುದು ಸುಮಾರು 3 ಕೆಜಿ. ಇವೆಲ್ಲ ಇಂಜಿನಿಯರ್‌ಗಳು ಕೂತು ಮಾಡಿದ್ದು. ಅಂಗೈ ಅಗಲದ, ಹತ್ತು ಸೆಂ.ಮೀ. ಉದ್ದಗಲದ ಎರಡು ಅಂಟಿಸುವ ರೆಕ್ಕೆಗಳು, ತುಂಬಾ ಚೆನ್ನಾಗಿಯೇ ಕೆಲಸ ಮಾಡಿದವು ಅಂತ ಉದಾರವಾಗಿ ಇಟ್ಟುಕೊಂಡರೂ, 80ರಲ್ಲಿ 600 ಗ್ರಾಂ ಒತ್ತಬಹುದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ರೆಕ್ಕೆ ಬೈಕಿಗೆ ಅಂಟಿಕೊಂಡಿದೆ, ಹಾಗಾಗಿ ಬೈಕ್ ವಾಲಿದಾಗ ರೆಕ್ಕೆಯ ಒತ್ತಡವೂ ವಾಲುತ್ತದೆ. ಎಡಕ್ಕೆ ವಾಲಿದ ಬೈಕ್‌ನಲ್ಲಿ ರೆಕ್ಕೆ ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಬಲಕ್ಕೂ, ಅಂದರೆ ತಿರುವಿನ ಹೊರಕ್ಕೂ ತಳ್ಳುತ್ತದೆ. 30 ಡಿಗ್ರಿ ವಾಲಿದಾಗ ಆ 600 ಗ್ರಾಂನಲ್ಲಿ ಅರ್ಧದಷ್ಟು ಹೊರಕ್ಕೆ ತಳ್ಳಲು ಹೋಗುತ್ತದೆ. ಕೆಳಕ್ಕೆ ಒತ್ತಿದ್ದರಿಂದ ಟೈರ್‌ಗೆ ಸಿಕ್ಕ ಹೊಸ ಹಿಡಿತದಲ್ಲಿ ಇದನ್ನು ಕಳೆದರೆ ಉಳಿಯುವ ಲಾಭ ಹೆಚ್ಚೆಂದರೆ ಇನ್ನೂರು ಗ್ರಾಂ ಚಿಲ್ಲರೆ. 45 ಡಿಗ್ರಿ ವಾಲಿದರೆ ಹೆಚ್ಚುಕಮ್ಮಿ ಸೊನ್ನೆ. ರೇಸ್‌ನಲ್ಲಿ ರೆಕ್ಕೆ ಇರುವುದು ಹೆಚ್ಚಾಗಿ ವೇಗ ಏರಿಸುವಾಗ ಮುಂದಿನ ಚಕ್ರ ಏಳದಿರಲಿ, ಬ್ರೇಕ್ ಹಾಕುವಾಗ ಕೂತಿರಲಿ ಅಂತ. ವಾಲಿದಾಗಲೂ ನೆಲಕ್ಕೆ ಎಳೆಯಬೇಕು ಅಂತಲೇ ಮೋಟೋಜಿಪಿ ರೇಸ್‌ಗಳಲ್ಲಿ ಈಚೆಗೆ ಫೇರಿಂಗ್‌ನ ಕೆಳಭಾಗವನ್ನು ಪಕ್ಕಕ್ಕೆ ಉಬ್ಬಿದ ಆಕಾರಕ್ಕೆ ತಂದರು. ಬೈಕ್ ವಾಲಿದಾಗ ಆ ಉಬ್ಬು ನೆಲಕ್ಕೆ ತೀರಾ ಹತ್ತಿರ ಬಂದು, ನಡುವಿನ ಗಾಳಿ ವೇಗವಾಗಿ ಹರಿದು, ಬೈಕನ್ನು ನೆಲದ ಕಡೆಗೆ ಹೀರುತ್ತದೆ. ನಮ್ಮ ಕ್ರ್ಯಾಶ್‌ಗಾರ್ಡ್ ಹಾಕಿದ ಬೈಕ್‌ಗೆ ಅದು ಆಗುವ ಮಾತಲ್ಲ.

ಗಾಳಿಗೆ ಬೈಕನ್ನು ಪೂರ್ತಿ ಮುಚ್ಚುವುದೂ ಪರಿಹಾರ ಅಲ್ಲ. ಇಟಲಿಯ ಮೋಟೋ ಗುಜ್ಜಿ ಕಂಪನಿ 1950ರಲ್ಲೇ ಮಂಡೆಲ್ಲೋದಲ್ಲಿ ಸ್ವಂತ ವಿಂಡ್ ಟನೆಲ್, ಅಂದರೆ ಜೋರು ಗಾಳಿ ಬೀಸಿ ಬೈಕ್ ಪರೀಕ್ಷಿಸುವ ಸುರಂಗ, ಕಟ್ಟಿತು. ಆ ದಶಕದ ರೇಸ್ ಬೈಕ್‌ಗಳಲ್ಲಿ ಮುಂದಿನ ಚಕ್ರವನ್ನೂ ಮುಚ್ಚುವ ದೊಡ್ಡ ಫೇರಿಂಗ್‌ಗಳು ಬಂದವು, ವೇಗವೂ ಸಿಕ್ಕಿತು. ಆದರೆ ಮುಂಭಾಗದಲ್ಲಿ ಅಷ್ಟು ಅಗಲದ ಗೋಡೆ ಇದ್ದರೆ ಅಡ್ಡಗಾಳಿ ಮೂಗನ್ನೇ ಹಿಡಿದು ತಿರುಗಿಸುತ್ತದೆ. 1957ರ ಸೀಸನ್ ಮುಗಿದ ಮೇಲೆ ಅವುಗಳನ್ನು ನಿಷೇಧಿಸಿದರು. ಮುಂದಿನ ಚಕ್ರಕ್ಕೆ ಮುಚ್ಚಳ, ಲೆಗ್‌ಗಾರ್ಡ್‌ಗೆ ರೆಕ್ಸಿನ್ ಶೀಟ್ ಕಟ್ಟುವ ಮುನ್ನ ಇದು ನೆನಪಿರಲಿ.

ರಸ್ತೆಯಲ್ಲಿ ಅಡ್ಡಗಾಳಿ

ಬೈಕ್ ಸರಿ ಮಾಡಿದಿರಿ, ಈಗ ರಸ್ತೆ ಓದಬೇಕು. ಚಿತ್ರದುರ್ಗದ ಸುತ್ತ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನೆಟ್ಟಿದ್ದಾರೆ ಅಂದರೆ ಅಲ್ಲಿ ಗಾಳಿ ಇದೆ ಅಂತಲೇ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ತಡೆಯಲು ಏನೂ ಇಲ್ಲ. ಕರಾವಳಿಯ ಉದ್ದದ ಸೇತುವೆಗಳ ಮೇಲೂ ಹಾಗೇ. ಚಾರ್ಮಾಡಿಯಲ್ಲಿ ಗೋಡೆಯಂಥ ಬೆಟ್ಟದ ಮರೆಯಿಂದ ಕಣಿವೆ ತೆರೆದುಕೊಳ್ಳುವ ತಿರುವಿಗೆ ಬಂದಾಗ ಗಾಳಿ ಒಮ್ಮೆಲೇ ಪಕ್ಕಕ್ಕೆ ಬಡಿಯುತ್ತದೆ. ಮುಂಗಾರಿನಲ್ಲಿ ಇನ್ನೂ ಜಾಸ್ತಿ. ಇಂಥ ಜಾಗ ಬರುವ ಮೊದಲೇ ಹುಲ್ಲು, ಮರದ ಕೊಂಬೆ, ಅಂಗಡಿಯ ಬ್ಯಾನರ್ ಯಾವ ಕಡೆ ವಾಲಿವೆ ನೋಡಿ. ಅಷ್ಟರಲ್ಲೇ ಹತ್ತು ಹದಿನೈದು ಕಿ.ಮೀ. ವೇಗ ಇಳಿಸಿ, ಲೇನ್‌ನ ನಡುವಿಗೆ ಬನ್ನಿ, ಎರಡೂ ಕಡೆ ಸರಿಯಲು ಜಾಗ ಇರಲಿ.

ಗಾಳಿ ಎಡದಿಂದ ತಳ್ಳಿದರೆ ಎಡಗೈಯಲ್ಲಿ ಹ್ಯಾಂಡಲ್‌ನ ಎಡತುದಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ. ಬೈಕ್ ಎಡಕ್ಕೆ, ಗಾಳಿಯ ಕಡೆಗೆ ವಾಲುತ್ತದೆ, ಸಾಲು ಬಿಡುವುದಿಲ್ಲ. ಮೈ ಬಿಗಿ ಮಾಡಬೇಡಿ. ಎದುರಿನಿಂದ ಬಸ್ಸೋ ಲಾರಿಯೋ ಬಂದರೆ ಮೊದಲು ಒಂದು ತಳ್ಳು ಬರುತ್ತದೆ, ಅದು ದಾಟಿದ ಕೂಡಲೇ ಒಂದು ಎಳೆತ. ಎರಡೂ ಬರುತ್ತವೆ ಅಂತ ಗೊತ್ತಿದ್ದರೆ ಮೊದಲನೆಯದಕ್ಕೆ ಜಾಸ್ತಿ ಒತ್ತಿ ಎರಡನೆಯದಕ್ಕೆ ಸಿಕ್ಕಿಬೀಳುವುದಿಲ್ಲ. ತಿರುವಿನಲ್ಲಿ ಲಾರಿಯ ಪಕ್ಕದಲ್ಲೇ ಉಳಿಯಬೇಡಿ. ಹಿಂದೆ ದೂರ ಇರಿ, ನೇರ ರಸ್ತೆ ಸಿಕ್ಕಾಗ ದಾಟಿ.

ತೂಗಾಟ ಶುರುವಾಗಿಯೇ ಬಿಟ್ಟರೆ

ಹಿಂಬದಿ ನಿಧಾನಕ್ಕೆ ಎಡಬಲ ಆಡುವುದು ಒಂದು ಬಗೆ, ಹ್ಯಾಂಡಲ್ ಮಾತ್ರ ಬೇಗ ಬೇಗ ಅದುರುವುದು ಇನ್ನೊಂದು ಬಗೆ. ಎರಡಕ್ಕೂ ಮಾಡಬೇಕಾದ್ದು ಒಂದೇ. ಬ್ರೇಕ್ ಗಕ್ಕನೆ ಹಿಡಿಯಬೇಡಿ. ಥ್ರಾಟಲ್ ತಟ್ಟನೆ ಮುಚ್ಚಬೇಡಿ. ಹ್ಯಾಂಡಲ್ ಜೊತೆ ಕುಸ್ತಿ ಬೇಡ, ನೀವು ಬಿಗಿ ಹಿಡಿದಷ್ಟೂ ಅದು ಜಾಸ್ತಿ ಆಗುತ್ತದೆ. ತೊಡೆಯಿಂದ ಟ್ಯಾಂಕ್ ಗಟ್ಟಿ ಹಿಡಿಯಿರಿ, ಎದೆ ಟ್ಯಾಂಕ್ ಕಡೆ ಇಳಿಸಿ, ಕೈ ಸಡಿಲ ಬಿಡಿ, ಥ್ರಾಟಲ್ ನಿಧಾನಕ್ಕೆ ಇಳಿಸುತ್ತಾ ಬನ್ನಿ. ವೇಗ ಇಳಿದ ಹಾಗೆ ಅದೂ ಇಳಿಯುತ್ತದೆ. ನಿಂತ ಮೇಲೆ ಮುಂದೆ ಹೋಗುವ ಯೋಚನೆ ಮಾಡುವ ಮೊದಲು ಟೈರ್ ಗಾಳಿ, ಕೋನ್‌ಸೆಟ್, ಲಗೇಜ್ ಮೂರನ್ನೂ ನೋಡಿ, ಟಾಪ್‌ಬಾಕ್ಸ್‌ನಲ್ಲಿರುವ ಭಾರದ್ದನ್ನು ಮುಂದಕ್ಕೆ ತಂದು ಕಟ್ಟಿ.

ಕೊನೆಯದಾಗಿ, ಬದಲಾವಣೆಗಳನ್ನು ಒಂದೊಂದಾಗಿ ಮಾಡಿ. ಲಗೇಜ್, ಶೀಲ್ಡ್, ಪ್ರೀಲೋಡ್ ಎಲ್ಲ ಒಂದೇ ದಿನ ಬದಲಾಯಿಸಿದರೆ ಯಾವುದು ಸಹಾಯ ಮಾಡಿತು, ಯಾವುದು ಕೆಡಿಸಿತು ಅಂತ ತಿಳಿಯುವುದಿಲ್ಲ. ಒಂದು ಬದಲಾವಣೆ, ಅದೇ ರಸ್ತೆ, ಅದೇ ಬೆರಳಿನ ಪರೀಕ್ಷೆ, ಅದೇ 80ರಿಂದ 60. ಫೋನ್‌ನಲ್ಲಿ ತಾರೀಕು, ಟೈರ್ ಗಾಳಿ, ಪ್ರೀಲೋಡ್ ಎಷ್ಟನೇ ಹಲ್ಲಿನಲ್ಲಿತ್ತು, ಎಷ್ಟು ಸೆಕೆಂಡ್ ಬಂತು ಅಂತ ಬರೆದಿಡಿ. ಮುಂದಿನ ಸಲ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಹೊರಡುವಾಗ ಸೆಟ್ಟಿಂಗ್ ಬದಲಾಯಿಸಿ, ವಾಪಸ್ ಬಂದ ಮೇಲೆ ಮೊದಲಿನ ಹಲ್ಲಿಗೇ ತಂದು ನಿಲ್ಲಿಸಲು ಅದು ಬೇಕಾಗುತ್ತದೆ.